ಆರು ತಂತಿಗಳ ವಿದ್ಯೆ

ಕೈ ಜಾರಿ ಬಿದ್ದೋ, ಮಳೆಯಲ್ಲಿ ನೆನೆದೋ, ಅಥವಾ ಹೊರಗೆ ಯಾವ ಕಾರಣವೂ ಕಾಣದಂತೆ ರಾತ್ರಿ ಚಾರ್ಜಿಗಿಟ್ಟು ಬೆಳಗ್ಗೆ ಕೈಗೆತ್ತಿಕೊಳ್ಳುವಷ್ಟರಲ್ಲಿಯೋ, ಸ್ಮಾರ್ಟ್‌ಫೋನೊಂದು ನಿಶ್ಚೇಷ್ಟವಾಗಿ ಬರಿಯ ಕಪ್ಪು ಗಾಜಾಗಿ ಉಳಿದುಬಿಟ್ಟಾಗ, ಅದರ ಒಡೆಯನು ಹೊಸ ಫೋನಿನ ಬೆಲೆಯನ್ನು ಲೆಕ್ಕಹಾಕುವುದಕ್ಕೆ ಮುಂಚೆಯೇ ಕೇಳುವ ಪ್ರಶ್ನೆಯೊಂದುಂಟು: ಒಳಗಿದ್ದ ಫೋಟೋಗಳು ಏನಾದವು? ತೀರಿಹೋದ ತಾಯಿಯ ಧ್ವನಿ, ಮಗುವಿನ ಮೊದಲ ಹೆಜ್ಜೆಗಳ ಚಿತ್ರ, ವ್ಯಾಪಾರದ ಬಾಕಿಯ ಲೆಕ್ಕ ಇವೆಲ್ಲವನ್ನೂ ಅಂಗೈಯಗಲದ ಒಂದು ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗಿರುವ ನಮಗೆ, ಅವು ಆ ಯಂತ್ರದೊಳಗೆ ಎಲ್ಲಿವೆ, ಯಂತ್ರವು ಕೆಟ್ಟಾಗ ಅವೂ ಕೆಡುತ್ತವೆಯೇ ಎಂಬ ವಿಚಾರ ಅಲ್ಲಿಯವರೆಗೆ ಹೊಳೆದಿರುವುದೇ ಇಲ್ಲ.

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯಲ್ಲಿ, ಎಂದರೆ ಎಲ್ಲರೂ ಎಸ್.ಪಿ. ರೋಡ್ ಎಂದು ಕರೆಯುವ ಆ ಇಕ್ಕಟ್ಟಿನ ಬೀದಿಯಲ್ಲಿ, ಸೂಕ್ಷ್ಮದರ್ಶಕದ ಮುಂದೆ ಬೆನ್ನು ಬಗ್ಗಿಸಿ ಕುಳಿತ ರಿಪೇರಿಯವರನ್ನು ಕೇಳಿದರೆ, ಫೋನಿನ ಸಾವಿನಲ್ಲಿಯೂ ಪ್ರಭೇದಗಳುಂಟೆಂದು ಹೇಳುವರು. ವಿದ್ಯುತ್ತನ್ನು ಎಳೆದುಕೊಳ್ಳದೆ, ಅಥವಾ ಎಲ್ಲಿಯೋ ಶಾರ್ಟ್ ಆಗಿ ಮಿತಿಮೀರಿ ಎಳೆದುಕೊಂಡು, ಏಳದೆ ಬಿದ್ದಿರುವುದು ‘ಫುಲ್ ಡೆಡ್’. ಏಳುವ ಯತ್ನ ಮಾಡಿ, ಕಂಪನಿಯ ಚಿಹ್ನೆಯನ್ನು ತೋರಿಸಿ, ಅಲ್ಲಿಯೇ ನಿಂತುಬಿಡುವುದು ‘ಹ್ಯಾಂಗ್ ಆನ್ ಲೋಗೊ’. ಸರ್ವಾಂಗವೂ ಸರಿಯಾಗಿದ್ದು ಗುಪ್ತಸಂಖ್ಯೆಯೊಂದು ಮರೆತುಹೋದ ಕಾರಣಕ್ಕೆ ಒಳಕ್ಕೆ ಬಿಡದಿರುವುದು ‘ಲಾಕ್’. ಮೊದಲನೆಯದರಲ್ಲಿ ಕೆಟ್ಟಿರುವುದು ಬಹುಮಟ್ಟಿಗೆ ವಿದ್ಯುತ್ತನ್ನು ಹಂಚುವ ಪವರ್ ಐಸಿಯೋ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಯಾವುದೋ ಕೆಪಾಸಿಟರೋ ಆಗಿರುತ್ತದೆ. ಮೆಮೊರಿ ಚಿಪ್ಪು, ಅದೇ ಬೋರ್ಡಿನ ಮೇಲೆ, ಬರೆದುದನ್ನೆಲ್ಲ ಇದ್ದಂತೆಯೇ ಹಿಡಿದುಕೊಂಡು, ತನ್ನನ್ನು ಮಾತನಾಡಿಸುವವರಿಲ್ಲದೆ ಸುಮ್ಮನಿರುತ್ತದೆ. ಸುತ್ತಲಿನ ಯಂತ್ರವನ್ನೆಲ್ಲ ಬದಿಗಿಟ್ಟು ಅದನ್ನು ನೇರವಾಗಿ ಮಾತನಾಡಿಸುವ ವಿದ್ಯೆಯೇ ಈ ಬರಹದ ವಿಷಯ. ರಿಪೇರಿಯವರು ಅದಕ್ಕೆ ಐಎಸ್‌ಪಿ ಎನ್ನುತ್ತಾರೆ.

ವಿದ್ಯುತ್ತಿನ ಆಶ್ರಯವಿಲ್ಲದೆಯೂ ಅಳಿಯದ ಈ ಸ್ಮೃತಿಯ ಮೂಲವನ್ನು ಹುಡುಕುತ್ತ ಹೊರಟರೆ 1967ಕ್ಕೆ ಹೋಗಬೇಕಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಜೀ ಎಂಬಿಬ್ಬರು, ಸುತ್ತಲೂ ನಿರೋಧಕ ಪದಾರ್ಥದಿಂದ ಆವೃತವಾದ ಒಂದು ಅತಿಸೂಕ್ಷ್ಮ ವಾಹಕದೊಳಕ್ಕೆ ಎಲೆಕ್ಟ್ರಾನುಗಳನ್ನು ತೂರಿಸಿದರೆ ಅವು ಹೊರಬರುವ ದಾರಿಯಿಲ್ಲದೆ ಅಲ್ಲಿಯೇ ಉಳಿಯುವುವೆಂದು ತೋರಿಸಿಕೊಟ್ಟರು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಒಕ ಆ ತತ್ತ್ವದ ಮೇಲೆ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನೂ, 1987ರಲ್ಲಿ ಇಂದು ಎಲ್ಲ ಫೋನುಗಳಲ್ಲಿಯೂ ಇರುವ ನ್ಯಾಂಡ್ ಎಂಬ ಬಗೆಯನ್ನೂ ವಿದ್ವಾಂಸರ ಮುಂದಿಟ್ಟನು. ಈ ಸ್ಮೃತಿಗೆ ಒಂದು ವಿಚಿತ್ರ ಸ್ವಭಾವವುಂಟು: ಪುಟಪುಟವಾಗಿ ಬರೆಯಬಹುದಾದರೂ, ಅಳಿಸುವಾಗ ಅನೇಕ ಪುಟಗಳ ಒಂದು ಖಂಡವನ್ನೇ ಒಟ್ಟಿಗೆ ಅಳಿಸಬೇಕು, ಅಲ್ಲದೆ ಪ್ರತಿಯೊಂದು ಸಲ ಅಳಿಸಿದಾಗಲೂ ಆ ನಿರೋಧಕ ಪದರ ಕಿಂಚಿತ್ತು ಸವೆಯುತ್ತದೆ. ಆದುದರಿಂದ ಬರೆದ ಜಾಗದಲ್ಲಿಯೇ ಮತ್ತೆ ಬರೆಯದೆ, ಬೇರೆ ಜಾಗವನ್ನು ಹುಡುಕಿ ಬರೆದು, ಯಾವುದು ಎಲ್ಲಿದೆಯೆಂಬ ಖಾತೆಯನ್ನು ಇಟ್ಟುಕೊಂಡಿರುವ ಒಬ್ಬ ಶಾನುಭೋಗನು ಬೇಕು. ಕಂಟ್ರೋಲರ್ ಎಂಬ ಆ ಶಾನುಭೋಗನನ್ನೂ ನ್ಯಾಂಡ್ ಎಂಬ ಕಡತದ ಕೋಣೆಯನ್ನೂ ಒಂದೇ ಕವಚದಲ್ಲಿಟ್ಟು ಮಾಡಿದ ಚಿಪ್ಪಿಗೆ ಇಎಂಎಂಸಿ ಎಂದು ಹೆಸರು.

1997ರಲ್ಲಿ ಸ್ಯಾನ್‌ಡಿಸ್ಕ್ ಮತ್ತು ಸೀಮೆನ್ಸ್ ಕಂಪನಿಗಳು ಹೊರತಂದ ಮಲ್ಟಿಮೀಡಿಯಾ ಕಾರ್ಡ್ ಎಂಬುದು, ಹಾಕಿ ತೆಗೆಯುವ ಕಾರ್ಡಿನ ರೂಪವನ್ನು ಬಿಟ್ಟು, ಬೋರ್ಡಿಗೆ ಬೆಸೆದುಕೊಂಡು ಬೆಳೆದ ಅವತಾರವಿದು. ಬಹು ಪ್ರಚಾರದಲ್ಲಿರುವ ಆಕಾರದಲ್ಲಿ ಹನ್ನೊಂದೂವರೆ ಮಿಲಿಮೀಟರ್ ಅಗಲ, ಹದಿಮೂರು ಮಿಲಿಮೀಟರ್ ಉದ್ದ. ಅಡಿಯಲ್ಲಿ ಅರ್ಧ ಮಿಲಿಮೀಟರಿಗೆ ಒಂದರಂತೆ ಸಾಲುಹಿಡಿದ 153 ಬೆಸುಗೆಯ ಗುಂಡುಗಳು. ಇಷ್ಟೊಂದು ಗುಂಡುಗಳನ್ನು ಕಂಡು ಎದೆಗುಂದಬೇಕಾದುದಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಯಾವುದಕ್ಕೂ ಸಂಬಂಧಪಡದೆ ಚಿಪ್ಪನ್ನು ಭದ್ರವಾಗಿ ಹಿಡಿದಿರುವುದಕ್ಕೆ ಮಾತ್ರ ಇರತಕ್ಕವು. ಆಜ್ಞೆ ಹೋಗಿಬರುವ ಸಿಎಂಡಿ, ತಾಳ ಹಿಡಿಯುವ ಕ್ಲಾಕ್, ಮಾಹಿತಿ ಹರಿಯುವ ಎಂಟು ಡೇಟಾ ಮಾರ್ಗಗಳು, ನ್ಯಾಂಡಿಗೊಂದು ಮತ್ತು ಕಂಟ್ರೋಲರಿಗೊಂದು ವಿದ್ಯುತ್ತಿನ ಪೂರೈಕೆ, ಭೂಸಂಪರ್ಕ ಇಷ್ಟೇ ಮುಖ್ಯವಾದವು. ಆ ಎಂಟು ಡೇಟಾ ಮಾರ್ಗಗಳಲ್ಲಿಯೂ ಸೊನ್ನೆಯ ಸಂಖ್ಯೆಯದೊಂದಿದ್ದರೆ ಚಿಪ್ಪು ನಿಧಾನವಾಗಿಯಾದರೂ ಮಾತನಾಡುತ್ತದೆಯೆಂಬುದನ್ನು ಅದರ ನಿಯಮಾವಳಿಯೇ ಅಂಗೀಕರಿಸಿದೆ. ಹಾಗಾಗಿ ಸಿಎಂಡಿ, ಕ್ಲಾಕ್, ಡೇಟಾ ಸೊನ್ನೆ, ಎರಡು ವಿದ್ಯುತ್ತಿನವು, ಒಂದು ಗ್ರೌಂಡ್: ಒಟ್ಟು ಆರು ತಂತಿಗಳು ಸಾಕು.

ಸಾಕೆಂದು ಬರೆಯುವುದು ಸುಲಭ. ಚಿಪ್ಪಿನ ಅಡಿಯಲ್ಲಿ ಅಡಗಿರುವ ಗುಂಡುಗಳನ್ನು ಮುಟ್ಟುವುದು ಸಾಧ್ಯವಿಲ್ಲವಾದುದರಿಂದ, ಅವುಗಳಿಂದ ಹೊರಟ ಹಾದಿಗಳು ಬೋರ್ಡಿನ ಮೇಲೆ ಎಲ್ಲಿ ತಲೆಯೆತ್ತಿವೆಯೆಂಬುದನ್ನು ಹುಡುಕಬೇಕು. ಕಾರ್ಖಾನೆಯವರು ಪರೀಕ್ಷೆಗೆಂದು ಬಿಟ್ಟಿರುವ ಚಿನ್ನದ ಬಣ್ಣದ ಚುಕ್ಕೆಗಳೋ, ಹಾದಿಯ ನಡುವಿನ ರೆಸಿಸ್ಟರ್ ಒಂದರ ತುದಿಯೋ ಆ ಸ್ಥಾನವಾಗಿರುತ್ತದೆ. ಕಂಪನಿಗಳು ಬೋರ್ಡಿನ ನಕ್ಷೆಯನ್ನು ಸಾಮಾನ್ಯ ರಿಪೇರಿಯವನ ಕೈಗೆ ಕೊಡುವುದಿಲ್ಲ. ಆದ್ದರಿಂದ, ಯಾರೋ ಒಬ್ಬ ಸಾಹಸಿ ಅದೇ ಮಾದರಿಯ ಕೆಟ್ಟ ಬೋರ್ಡೊಂದನ್ನು ಗುಜರಿಯಿಂದ ತಂದು, ಹಾಟ್ ಏರ್‌ನಿಂದ ಚಿಪ್ಪನ್ನು ಎಬ್ಬಿಸಿ, ಒಂದೊಂದೇ ಗುಂಡಿನ ಜಾಗಕ್ಕೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನಿಟ್ಟು, ಇನ್ನೊಂದು ಕಡ್ಡಿಯನ್ನು ಬೋರ್ಡಿನ ಮೇಲೆಲ್ಲ ಆಡಿಸುತ್ತ, ಬೀಪ್ ಸದ್ದು ಬಂದ ಸ್ಥಳವನ್ನು ಚಿತ್ರದ ಮೇಲೆ ಗುರುತು ಮಾಡಿ ಹಂಚಿದ ಪಿನ್‌ಔಟೇ ಉಳಿದವರಿಗೆಲ್ಲ ಆಧಾರ. ಪದವಿಪತ್ರದ ಹಂಗಿಲ್ಲದೆ, ಕೈಯಿಂದ ಕೈಗೆ ಹರಿದುಬಂದ ಈ ಜ್ಞಾನಸಂಚಯದ ವಿಸ್ತಾರವನ್ನು ಕಂಡಾಗ ನನಗೆ ಗೌರವವೇ ಉಂಟಾಗುತ್ತದೆ. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ದುರಸ್ತಿಯ ಹಕ್ಕಿಗೆಂದೇ ಒಂದು ಜಾಲತಾಣವನ್ನು ತೆರೆಯಿತು. ಆದರೂ ಬೋರ್ಡಿನ ನಕ್ಷೆ ಬೀದಿಯ ಅಂಗಡಿಗೆ ನೇರವಾಗಿ ತಲುಪುವ ದಿನ ಇನ್ನೂ ದೂರವಿದೆಯೆಂದೇ ನನ್ನ ಎಣಿಕೆ.

ಸ್ಥಳ ಗೊತ್ತಾದ ಮೇಲಿನ ಕೆಲಸ ಕೈಯದು. ಕೂದಲೆಳೆಯಂತಹ ಜಂಪರ್ ವೈರಿನ ತುದಿಯ ಅರಗನ್ನು ಸುಟ್ಟು, ಫ್ಲಕ್ಸ್ ಹಚ್ಚಿ, ಸೂಜಿಮೊನೆಯ ಸೋಲ್ಡರಿಂಗ್ ಐರನ್ನಿನಿಂದ ಕ್ಷಣಮಾತ್ರ ಮುಟ್ಟಿ ಬೆಸೆಯಬೇಕು. ಒಂದು ಕ್ಷಣ ಹೆಚ್ಚಾದರೆ ಚುಕ್ಕೆಯೇ ಬೋರ್ಡಿನಿಂದ ಕಿತ್ತುಬರುತ್ತದೆ. ತಂತಿಗಳು ಗಿಡ್ಡವಾಗಿರಬೇಕು, ಉದ್ದವಾದಷ್ಟೂ ಕ್ಲಾಕಿನ ತಾಳ ಕೆಡುತ್ತದೆ. ಕಂಟ್ರೋಲರಿನ ಕಡೆಗೆ 1.8 ವೋಲ್ಟ್ ಸಲ್ಲಬೇಕಾದಲ್ಲಿ ಅಜಾಗರೂಕತೆಯಿಂದ ಹೆಚ್ಚಿನದನ್ನು ಕೊಟ್ಟವನು, ಬದುಕಿದ್ದ ಒಂದೇ ಅಂಗವನ್ನೂ ತಾನೇ ಕೊಂದಂತಾಗುತ್ತದೆ. ಅಷ್ಟೇ ಅಲ್ಲದೆ, ಮೆಮೊರಿಗೆಂದು ಕೊಟ್ಟ ವಿದ್ಯುತ್ತಿನಿಂದ ಫೋನಿನ ಪ್ರೊಸೆಸರೂ ಅರೆಎಚ್ಚರಗೊಂಡು ಅದೇ ಹಾದಿಯಲ್ಲಿ ಮಾತಿಗೆ ತೊಡಗಿದರೆ ಇಬ್ಬರ ಮಾತೂ ಚಿಪ್ಪಿಗೆ ತಿಳಿಯದೆ ಹೋಗುವುದರಿಂದ, ಪ್ರೊಸೆಸರನ್ನು ಸುಮ್ಮನಿರಿಸುವ ಉಪಾಯವನ್ನೂ ಮಾಡಿಕೊಂಡಿರಬೇಕು. ತಂತಿಗಳ ಇನ್ನೊಂದು ತುದಿ ಈಸಿ ಜೆಟ್ಯಾಗ್, ಯುಎಫ್‌ಐ, ಮೆಡುಸಾ ಮುಂತಾದ ಹೆಸರುಗಳಿಂದ ಮಾರಾಟವಾಗುವ, ಈ ಕಸುಬಿನಲ್ಲಿ ಬರಿದೆ ‘ಬಾಕ್ಸ್’ ಎನಿಸಿಕೊಂಡಿರುವ ಉಪಕರಣಕ್ಕೆ, ಅಲ್ಲಿಂದ ಕಂಪ್ಯೂಟರಿಗೆ.

ಎಲ್ಲವೂ ನೆಟ್ಟಗಿದ್ದರೆ ಚಿಪ್ಪು ಮೊದಲು ತನ್ನ ಕುಲಗೋತ್ರವನ್ನು ಹೇಳುತ್ತದೆ: ಯಾರು ಮಾಡಿದರು, ಎಷ್ಟು ಸಾಮರ್ಥ್ಯ, ಯಾವ ವಿಭಾಗಗಳು. ನಿಯಮಾವಳಿಯ 5.0ನೆಯ ಆವೃತ್ತಿಯಿಂದೀಚಿನ ಚಿಪ್ಪುಗಳು ತಮ್ಮ ಆಯುಸ್ಸಿನಲ್ಲಿ ಎಷ್ಟು ಪಾಲು ಸವೆದಿದೆಯೆಂಬ ಅಂದಾಜನ್ನೂ ಶೇಕಡಾ ಹತ್ತರ ಮೆಟ್ಟಿಲುಗಳಲ್ಲಿ ತಿಳಿಸುವುವು. ಬಲ್ಲವನು ಆಮೇಲೆ ಏನನ್ನೂ ಬರೆಯಲು ಹೋಗದೆ, ಇದ್ದುದೆಲ್ಲವನ್ನೂ ಮೊದಲು ಓದಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಾನೆ. ಇದಕ್ಕೆ ಡಂಪ್ ತೆಗೆಯುವುದೆಂದು ಹೆಸರು. ಒಂದೇ ಡೇಟಾ ಮಾರ್ಗದಲ್ಲಿ ಸೆಕೆಂಡಿಗೆ ಐದು ಮೆಗಾಬೈಟಿನಂತೆ ಹರಿದರೆ 32 ಗಿಗಾಬೈಟಿನ ಚಿಪ್ಪನ್ನು ಓದಿ ಮುಗಿಸಲು ಒಂದೂ ಮುಕ್ಕಾಲು ಗಂಟೆಯಾದರೂ ಬೇಕು. ಆ ಹೊತ್ತೆಲ್ಲ ಮೇಜನ್ನು ಯಾರೂ ಅಲುಗಾಡಿಸಬಾರದು.

ಇದರ ಫಲವೇನೆಂದರೆ, ಹ್ಯಾಂಗ್ ಆನ್ ಲೋಗೊ ಆದ, ಅಥವಾ ತಪ್ಪು ಸಾಫ್ಟ್‌ವೇರ್ ಹೊಡೆದು ಮೇಲೇಳದಂತಾದ ಫೋನುಗಳಿಗೆ ಪುನರ್ಜನ್ಮ. ಮೀಡಿಯಾಟೆಕ್ ಪ್ರೊಸೆಸರಿನ ಇಎಂಎಂಸಿ ಫೋನುಗಳಲ್ಲಿ ಪ್ರಿಲೋಡರ್ ಎಂಬ ಆರಂಭದ ಪ್ರೋಗ್ರಾಂ ಚಿಪ್ಪಿನ ಬೂಟ್ ವಿಭಾಗದಲ್ಲಿರುತ್ತದೆ. ಅದು ಅಳಿದುಹೋಗಿ, ಯುಎಸ್‌ಬಿ ಕೇಬಲಿನ ಮೂಲಕ ಮಾಡುವ ಉಪಚಾರಗಳೂ ನಡೆಯದಾದಾಗ, ಈ ಆರು ತಂತಿಗಳ ಮೂಲಕ ಅದನ್ನು ಹೊಸದಾಗಿ ಬರೆದರೆ ಫೋನು ಎದ್ದು ಕುಳಿತುಕೊಳ್ಳುತ್ತದೆ. ಮೊದಲಿನ ಕಾಲದಲ್ಲಿ ಇದೇ ಕೆಲಸಕ್ಕೆ ಜೆಟ್ಯಾಗ್ ಎಂಬ ಮಾರ್ಗವಿತ್ತು. ಕಾರ್ಖಾನೆಯಲ್ಲಿ ಬೋರ್ಡುಗಳನ್ನು ಪರೀಕ್ಷಿಸಲೆಂದು 1985ರಲ್ಲಿ ಕೂಡಿದ ತಜ್ಞರ ಗುಂಪೊಂದು ರೂಪಿಸಿ, 1990ರಲ್ಲಿ ಪ್ರಮಾಣಿತವಾದ ಆ ವಿಧಾನದಲ್ಲಿ ಮಾತನಾಡಿಸುತ್ತಿದ್ದುದು ಪ್ರೊಸೆಸರನ್ನು, ಮೆಮೊರಿಯನ್ನಲ್ಲ. ಫೋನಿನ ಕಂಪನಿಗಳು ಆ ಬಾಗಿಲನ್ನು ಮುಚ್ಚುತ್ತ ಬಂದಂತೆ ಐಎಸ್‌ಪಿ ಬಳಕೆಗೆ ಬಂದಿತು.

ಚಿಪ್ಪೇ ಸವೆದು ಸಾಯುವುದೂ ಉಂಟು. ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ ಫೋನಿನದಲ್ಲ, ಮೋಟಾರು ಕಾರಿನದು. ಟೆಸ್ಲಾ ಕಂಪನಿಯ ಎಸ್ ಮತ್ತು ಎಕ್ಸ್ ಮಾದರಿಯ ಹಳೆಯ ಕಾರುಗಳ ಪರದೆಯ ಹಿಂದೆ ಇದ್ದುದು 8 ಗಿಗಾಬೈಟಿನ ಇಂತಹದೇ ಇಎಂಎಂಸಿ. ಕಾರು ನಡೆದಷ್ಟು ದಿನವೂ ಅದರ ಮೇಲೆ ದಿನಚರಿ ಬರೆಯುತ್ತಲೇ ಹೋದ ಫಲವಾಗಿ ಅದು ಐದಾರು ವರ್ಷಗಳಲ್ಲಿ ಸವೆದು, ಪರದೆಯ ಜೊತೆಗೆ ಹಿಂಬದಿಯ ಕ್ಯಾಮೆರಾವೂ ಕುರುಡಾಗಿ, ಕೊನೆಗೆ 2021ರ ಆರಂಭದಲ್ಲಿ ಕಂಪನಿಯು ಸುಮಾರು 1,35,000 ಕಾರುಗಳನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಯಬೇಕಾಯಿತು. ಅದಕ್ಕೂ ಮುಂಚೆ ಸ್ವತಂತ್ರ ರಿಪೇರಿಯವರು ಸಾಯಹತ್ತಿದ ಚಿಪ್ಪಿನಿಂದ ಓದಲಾಗುವಷ್ಟನ್ನು ಓದಿ, ಹೊಸ ಚಿಪ್ಪಿಗೆ ಬರೆದು, ಅದನ್ನು ಬೋರ್ಡಿಗೆ ಬೆಸೆದು ಅನೇಕ ಕಾರುಗಳನ್ನು ಉಳಿಸಿದ್ದರು.

ಇನ್ನು ಬೀಗದ ವಿಚಾರ. ಇಲ್ಲಿ ಎರಡು ಬಗೆಯ ಬೀಗಗಳನ್ನು ಜನ ಒಂದೆಂದೇ ಭಾವಿಸುವುದರಿಂದ ಬಹಳ ಗೊಂದಲವಾಗಿದೆ. 2015ರಲ್ಲಿ ಆಂಡ್ರಾಯ್ಡ್ 5.1ರೊಡನೆ ಬಂದ ಎಫ್‌ಆರ್‌ಪಿ ಎಂಬುದು, ಫೋನನ್ನು ಅಳಿಸಿ ಹೊಸದಾಗಿಸಿದ ಮೇಲೂ ಹಿಂದಿನ ಒಡೆಯನ ಗೂಗಲ್ ಖಾತೆಯನ್ನು ಕೇಳುವ ಕಾವಲು. ಅದು ರಕ್ಷಿಸುವುದು ಮಾಹಿತಿಯನ್ನಲ್ಲ, ಫೋನನ್ನು. ಅದರ ಗುರುತು ಮೆಮೊರಿಯ ಒಂದು ಸಣ್ಣ ವಿಭಾಗದಲ್ಲಿರುವುದರಿಂದ, ಹಳೆಯ ಫೋನುಗಳಲ್ಲಿ ಚಿಪ್ಪನ್ನು ನೇರವಾಗಿ ಮುಟ್ಟಬಲ್ಲವನಿಗೆ ಈ ಕಾವಲು ದೊಡ್ಡದೇನೂ ಆಗಿರಲಿಲ್ಲ. ಕದ್ದ ಮಾಲಿನ ವ್ಯಾಪಾರ ಈ ಕಸುಬನ್ನು ಹುಡುಕಿಕೊಂಡು ಬಂದುದೂ ಇದೇ ದಾರಿಯಲ್ಲಿ. ಬಿಲ್ಲು ತೋರಿಸದೆ ಲಾಕ್ ತೆಗೆಯುವುದಿಲ್ಲವೆಂದು ಅಂಗಡಿಯವನು ಹಟ ಹಿಡಿದರೆ ಗ್ರಾಹಕನು ಸಿಟ್ಟಾಗಬೇಕಾದುದಿಲ್ಲ. ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ತಿದ್ದುವುದಂತೂ 2017ರ ನಿಯಮಗಳಿಂದಲೇ ನಿಷಿದ್ಧ; 2023ರ ದೂರಸಂಪರ್ಕ ಅಧಿನಿಯಮವು ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವನ್ನೂ ಐವತ್ತು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಿದೆ.

ಎರಡನೆಯದು ಗೂಢಲಿಪಿಯ ಬೀಗ. ಅದರ ಮುಂದೆ ಆರು ತಂತಿಗಳ ವಿದ್ಯೆ ನಿಷ್ಫಲ. 2015ರ ಆಂಡ್ರಾಯ್ಡ್ 6ರಿಂದ, ಸಾಮರ್ಥ್ಯವುಳ್ಳ ಹೊಸ ಫೋನುಗಳು ತಮ್ಮ ಮಾಹಿತಿಯನ್ನೆಲ್ಲ ಗೂಢಲಿಪಿಯಲ್ಲಿಯೇ ಬರೆದಿಡಬೇಕೆಂದಾಯಿತು. ಮರುವರ್ಷ ಆಂಡ್ರಾಯ್ಡ್ 7ರಲ್ಲಿ ಕಡತಕಡತಕ್ಕೂ ಬೇರೆ ಕೀಲಿ ಬಂದಿತು. ಆಂಡ್ರಾಯ್ಡ್ 10ರೊಡನೆ ಹೊರಬಂದ ಫೋನುಗಳಿಗೆ ಅದು ಕಡ್ಡಾಯವೂ ಆಯಿತು. ಕೀಲಿಯ ಒಂದಂಶ ಒಡೆಯನ ಗುಪ್ತಸಂಖ್ಯೆಯಲ್ಲಿದೆ. ಇನ್ನೊಂದಂಶ ಪ್ರೊಸೆಸರಿನ ಗರ್ಭದಲ್ಲಿ, ಹೊರಗೆಳೆಯಲಾರದಂತೆ ಹುದುಗಿದೆ. ಇಂತಹ ಫೋನಿನ ಮೆಮೊರಿಯನ್ನು ಎಷ್ಟೇ ಕುಶಲತೆಯಿಂದ ಓದಿದರೂ ದೊರೆಯುವುದು ಅರ್ಥವಿಲ್ಲದ ಸೊನ್ನೆ ಒಂದುಗಳ ರಾಶಿ. ಗುಪ್ತಸಂಖ್ಯೆಯನ್ನು ಒಡೆಯನೇ ಬರೆದುಕೊಟ್ಟರೂ ಫಲವಿಲ್ಲ, ಆ ಸಂಖ್ಯೆಯನ್ನು ಕೀಲಿಯಾಗಿ ಮಾಡಬಲ್ಲುದು ಅದೇ ಪ್ರೊಸೆಸರೊಂದೇ. ಆದಕಾರಣ, ಇಂದು ಮಾಹಿತಿಯನ್ನು ಉಳಿಸಬೇಕೆನ್ನುವವನು ಚಿಪ್ಪನ್ನು ಕೀಳುವ ಆಲೋಚನೆಯನ್ನು ಬಿಟ್ಟು, ಆ ಬೋರ್ಡನ್ನೇ ಒಂದು ಗಂಟೆಯ ಮಟ್ಟಿಗಾದರೂ ಬದುಕಿಸಬೇಕು. ಬೋರ್ಡು ಮುರಿದೇ ಹೋಗಿದ್ದರೆ ಪ್ರೊಸೆಸರನ್ನೂ ಮೆಮೊರಿಯನ್ನೂ ಜೊತೆಯಾಗಿ ಕಿತ್ತು, ಅದೇ ಮಾದರಿಯ ಇನ್ನೊಂದು ಬೋರ್ಡಿಗೆ, ಬೆಸುಗೆಯ ಗುಂಡುಗಳನ್ನು ಹೊಸದಾಗಿ ಕಟ್ಟುವ ರೀಬಾಲಿಂಗ್ ಮಾಡಿ, ಕೂರಿಸಬೇಕು. ಪ್ರೊಸೆಸರಿನ ಬೆನ್ನ ಮೇಲೆ ರ‍್ಯಾಮ್ ಕುಳಿತಿರುತ್ತದೆ, ಅಡಿಯಲ್ಲಿ ಗಟ್ಟಿಯಾದ ಅಂಟಿರುತ್ತದೆ. ಆ ಅಂಟನ್ನು ಬಿಡಿಸುವಾಗ ಎಷ್ಟೋ ಫೋನುಗಳು ಎರಡನೆಯ ಸಲ ಸಾಯುತ್ತವೆ.

ಗೂಢಲಿಪಿಗೆ ಹಿಂದಿನ ಮತ್ತು ಈಚಿನ ಈ ಎರಡು ಯುಗಗಳ ಸಂಧಿಕಾಲದಲ್ಲಿ ನಡೆದ ಒಂದು ಪ್ರಸಂಗ ಲೋಕಪ್ರಸಿದ್ಧವಾಯಿತು. 2015ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊದಲ್ಲಿ ಹದಿನಾಲ್ಕು ಮಂದಿಯನ್ನು ಕೊಂದ ದಂಪತಿಗಳಲ್ಲಿ ಗಂಡನು ಬಳಸುತ್ತಿದ್ದ ಐಫೋನ್ 5ಸಿ ಎಫ್‌ಬಿಐ ವಶವಾಯಿತು. ಹತ್ತು ಸಲ ತಪ್ಪು ಸಂಖ್ಯೆ ಒತ್ತಿದರೆ ಎಲ್ಲವೂ ಅಳಿದುಹೋಗಬಹುದೆಂಬ ಭಯದಿಂದ, ಆ ತಡೆಯನ್ನು ತೆಗೆದುಹಾಕುವ ಸಾಫ್ಟ್‌ವೇರನ್ನು ಆಪಲ್ ಕಂಪನಿಯೇ ಮಾಡಿಕೊಡಬೇಕೆಂದು 2016ರ ಫೆಬ್ರವರಿ 16ರಂದು ನ್ಯಾಯಾಲಯದ ಆಜ್ಞೆಯಾಯಿತು; ಕಂಪನಿ ಒಪ್ಪಲಿಲ್ಲ; ವಾದ ಬಿಸಿಯೇರುತ್ತಿರುವಾಗಲೇ, ಮಾರ್ಚ್ 28ರಂದು, ಬೇರೊಬ್ಬರ ನೆರವಿನಿಂದ ಫೋನು ತೆರೆಯಿತೆಂದು ಹೇಳಿ ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು. ಆ ನಡುವೆ, ಮೆಮೊರಿ ಚಿಪ್ಪಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡು ಪ್ರಯತ್ನಗಳು ಮುಗಿದಂತೆಲ್ಲ ಅದನ್ನೇ ಮತ್ತೆ ತುಂಬಿದರೆ ಹೇಗೆಂದು ಕೆಲವರು ಸೂಚಿಸಿದಾಗ, ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಅದು ನಡೆಯುವುದಿಲ್ಲವೆಂದುಬಿಟ್ಟಿದ್ದನು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೆರ್ಗೈ ಸ್ಕೊರೊಬೊಗಾಟೊವ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ನಡೆಯುವುದೆಂದು ತನ್ನ ಮೇಜಿನ ಮೇಲೆಯೇ ಮಾಡಿ ತೋರಿಸಿದನು. ಬೋರ್ಡಿನಿಂದ ಚಿಪ್ಪನ್ನು ಬಿಡಿಸಿ, ತಂತಿಗಳ ಮೂಲಕ ಅದನ್ನು ಹೊರಗಿನಿಂದ ಜೋಡಿಸಿ, ಆರು ಸಲ ಸಂಖ್ಯೆ ಒತ್ತಿದ ಮೇಲೆ ಮೊದಲಿನ ಪ್ರತಿಯನ್ನು ಚಿಪ್ಪಿಗೆ ತುಂಬಿದರೆ, ತಪ್ಪುಗಳ ಎಣಿಕೆಯೂ ಆ ಚಿಪ್ಪಿನಲ್ಲಿಯೇ ಇರುವುದರಿಂದ ಅದು ಸೊನ್ನೆಗೆ ಮರಳುತ್ತದೆ. ಆರು ಪ್ರಯತ್ನಗಳ ಒಂದಾವರ್ತನಕ್ಕೆ ಒಂದೂವರೆ ನಿಮಿಷದಂತೆ, ನಾಲ್ಕಂಕಿಯ ಹತ್ತು ಸಾವಿರ ಸಂಖ್ಯೆಗಳೆಲ್ಲವನ್ನೂ ಸುಮಾರು ನಲವತ್ತು ಗಂಟೆಗಳಲ್ಲಿ ಒತ್ತಿ ನೋಡಬಹುದು. ಗಮನಿಸಬೇಕಾದುದೇನೆಂದರೆ, ಇಲ್ಲಿಯೂ ಮೆಮೊರಿಯನ್ನು ಓದಿದ ಮಾತ್ರಕ್ಕೆ ರಹಸ್ಯ ಬಯಲಾಗಲಿಲ್ಲ. ಬೀಗ ತೆರೆಯಬೇಕಾದುದು ಆ ಫೋನಿನ ಪ್ರೊಸೆಸರೇ. 5ಸಿಯ ಜೊತೆಯಲ್ಲಿಯೇ 2013ರಲ್ಲಿ ಬಿಡುಗಡೆಯಾದ 5ಎಸ್ ಮಾದರಿಯಲ್ಲಿ ಕೀಲಿಗಳ ಕಾವಲಿಗೆಂದೇ ಪ್ರತ್ಯೇಕವಾದ ಭದ್ರಕೋಶವಿತ್ತು. ಆ ದುಷ್ಟನ ಕೈಯಲ್ಲಿದ್ದುದು ಅಗ್ಗದ ಮಾದರಿಯಾದುದರಿಂದ ಈ ಪ್ರಸಂಗಕ್ಕೆ ಅವಕಾಶವಾಯಿತು.

ಪರರ ಫೋನನ್ನು ತೆರೆಯುವ ಅಧಿಕಾರ ಯಾರಿಗೆ, ಎಷ್ಟು, ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿಯೂ ಎದ್ದಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟಿನಲ್ಲಿ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದೇ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2021ರ ಮಾರ್ಚಿನಲ್ಲಿ, ಪಾಸ್‌ವರ್ಡ್ ಕೊಡುವುದು ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಾಗದೆಂದೂ, ಆದರೆ ಒಳಗೆ ದೊರೆತುದನ್ನು ಬೇರೆ ಸಾಕ್ಷ್ಯದಂತೆಯೇ ರುಜುವಾತುಪಡಿಸಬೇಕೆಂದೂ ಹೇಳಿ, ಫೋನುಗಳನ್ನು ವಶಪಡಿಸಿಕೊಳ್ಳುವಾಗ ಪೊಲೀಸರು ಅನುಸರಿಸಬೇಕಾದ ಕ್ರಮಗಳನ್ನೂ ವಿವರಿಸಿತು. ಅಂಗಡಿಯವನಿಗೂ ಒಡೆಯನಿಗೂ ನಡುವೆ ಮಾತ್ರ ಇಂತಹ ಕ್ರಮವೇನೂ ಬರೆದಿಟ್ಟಿಲ್ಲ. ಡಂಪ್ ತೆಗೆದವನು ಕೆಲಸ ಮುಗಿದ ಮೇಲೆ ಅದನ್ನು ಅಳಿಸಿದನೇ ಎಂದು ಕೇಳುವ ಗ್ರಾಹಕರು ವಿರಳ. ಕೇಳಬೇಕು.

ಮೆಮೊರಿಯ ಜಾತಿಯೂ ಬದಲಾಗಿದೆ. 2015ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6ರೊಡನೆ ಫೋನಿಗೆ ಬಂದ ಯುಎಫ್‌ಎಸ್ ಎಂಬುದು ಮಾಹಿತಿಯನ್ನು ಜೋಡಿತಂತಿಗಳಲ್ಲಿ ಅತಿವೇಗದಿಂದ ಸಾಗಿಸುವುದಾದುದರಿಂದ, ಜೋಡಿಯ ಎರಡೂ ತಂತಿಗಳು ಸಮನಾದ ಉದ್ದವಿರಬೇಕು. ಬೆಸುಗೆ ಇನ್ನಷ್ಟು ನಾಜೂಕಾಗಿರಬೇಕು. ಆದ್ದರಿಂದ ಹೊಸ ಫೋನು ನೀರಿಗೆ ಬಿದ್ದವರಿಗೆ ನಾನು ಹೇಳುವುದು ಇಷ್ಟು: ಒತ್ತಿ ನೋಡಬೇಡಿ, ಚಾರ್ಜಿಗೆ ಹಾಕಬೇಡಿ, ಅಕ್ಕಿಯ ಡಬ್ಬದಲ್ಲಿ ಹೂತಿಟ್ಟು ನಾಲ್ಕು ದಿನ ಕಾಯಬೇಡಿ, ತೇವದೊಡನೆ ಬ್ಯಾಟರಿಯ ವಿದ್ಯುತ್ತು ಸೇರಿದರೆ ತಾಮ್ರದ ಹಾದಿಗಳು ಗಂಟೆಗಳಲ್ಲಿ ಕೊರೆದುಹೋಗುವುವು, ಆ ಬೋರ್ಡು ಹೋದರೆ ಕೀಲಿಯೂ ಹೋಯಿತು. ಹಳೆಯ ಫೋನಿನ ಮಾತು ಬೇರೆ. ಗೂಢಲಿಪಿ ರೂಢಿಯಾಗುವ ಮುಂಚಿನ ಆಂಡ್ರಾಯ್ಡ್ ಫೋನೊಂದು ಪರದೆ ಒಡೆದು, ಬ್ಯಾಟರಿ ಉಬ್ಬಿ, ಮನೆಯ ಮೂಲೆಯಲ್ಲಿ ಬಿದ್ದಿದ್ದರೆ, ಅದರೊಳಗಿನ ಚಿತ್ರಗಳು ಆರು ತಂತಿಗಳಿಗೆ ಇಂದಿಗೂ ದಕ್ಕುವ ಸಂಭವವುಂಟು. ಆದರೆ ಎಲೆಕ್ಟ್ರಾನುಗಳು ವರ್ಷಗಳು ಕಳೆದಂತೆ, ಬಿಸಿಯಲ್ಲಿ ಇನ್ನೂ ಬೇಗನೆ, ಸೋರಿಹೋಗುವುವಾದುದರಿಂದ ಬಹಳ ಕಾಲ ತಡೆಯುವಂತಿಲ್ಲ. ನಿಮಗೆ ದಕ್ಕುವುದು ಗುಜರಿಯಿಂದ ಅದನ್ನು ಕೊಂಡ ಅಪರಿಚಿತನಿಗೂ ಅಷ್ಟೇ ಸುಲಭವಾಗಿ ದಕ್ಕುವುದೆಂಬುದನ್ನು ತಿಳಿದವರು, ಬೇಕಾದುದನ್ನು ತೆಗೆಸಿಕೊಂಡ ಮೇಲೆ, ಆ ಹದಿಮೂರು ಮಿಲಿಮೀಟರಿನ ಚಿಪ್ಪನ್ನು ತಮ್ಮ ಕಣ್ಣೆದುರಿಗೇ ಪುಡಿಮಾಡಿಸಿ ಬರುತ್ತಾರೆ.